ಬಿದ್ದವನಿಗೂ ಮಾತಿರಲಿ

ನಡೆದಾಡುವ ಶವಗಳ ನಡುವೆ ಜೀವ ಉಳಿಸಿಕೊಳ್ಳುವವರ ಕಥೆ ‘ದಿ ವಾಕಿಂಗ್ ಡೆಡ್’ ಎಂಬ ಅಮೆರಿಕದ ಧಾರಾವಾಹಿ (2010–2022). 2011ರ ಒಂದು ಕಂತಿನಲ್ಲಿ, ಗಾಯಾಳು ಬಾಲಕನ ಚಿಕಿತ್ಸೆಗೆ ಸಾಮಗ್ರಿ ತರಲು ಹೋದ ಶೇನ್, ಶವಗಳು ಬೆನ್ನಟ್ಟಿದಾಗ ಜೊತೆಗಾರ ಓಟಿಸ್‌ನ ಕಾಲಿಗೆ ಗುಂಡಿಕ್ಕಿ ಪಾರಾಗುತ್ತಾನೆ. ಬಾಲಕ ಉಳಿಯುತ್ತಾನೆ. ಶೇನ್ ಮಾಡಿದ್ದು ಸರಿಯೇ? ಅಭಿಮಾನಿಗಳ ನಡುವೆ ಇದೊಂದು ದೊಡ್ಡ ವಾದ.

ಕುಂದಾಪುರ, ಬ್ರಹ್ಮಾವರದ ಕಡೆಯ ನಮಗೆ ಇಂಥ ವಾದ ಹೊಸತಲ್ಲ. ನಾವು ತಾಳಮದ್ದಳೆ ಕೇಳಿದವರು. ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಪಾತ್ರಗಳ ನಿರ್ಧಾರವನ್ನು ಮಾತಿನಲ್ಲೇ ಒರೆಗೆ ಹಚ್ಚುತ್ತಾರೆ. ಮರೆಯಿಂದ ಬಂದ ಬಾಣಕ್ಕೆ ಉರುಳಿದ ವಾಲಿ, ಸಾಯುವ ಮುನ್ನ ರಾಮನನ್ನೇ ಪ್ರಶ್ನಿಸುತ್ತಾನೆ, ರಾಮ ಉತ್ತರಿಸಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಪ್ರಸಿದ್ಧವಾದದ್ದು ಈ ಮಾತಿನಿಂದಲೇ. ಓಟಿಸ್‌ಗೆ ಆ ಅವಕಾಶವಿಲ್ಲ. ಅವನು ಹೇಗೆ ಸತ್ತನೆಂಬ ಸುಳ್ಳನ್ನು ಎಲ್ಲರಿಗೂ ಹೇಳಿದವನು ಶೇನ್.

‘ಬೇರೆ ದಾರಿಯಿರಲಿಲ್ಲ’ ಎನ್ನಲು ಉಳಿದಿರುವವನು ಬದುಕಿದವನೇ ಅಲ್ಲವೇ? 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದ ಬೈಂದೂರು, ಕುಂದಾಪುರದ ದುಡಿಮೆಗಾರರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಲಾಗಿತ್ತು. ‘ಇವರು ಈಗೇಕೆ ಬಂದರು?’ ಎಂದವರಿದ್ದರು. ಎಚ್ಚರ ಬೇಕಿತ್ತು, ನಿಜ. ಆದರೆ ದುಡಿಮೆ ನಿಂತು, ಬಾಡಿಗೆ ಕಟ್ಟಲಾಗದೆ ಹುಟ್ಟೂರಿಗೆ ಬಂದವನ ಉತ್ತರ ಕೇಳದೆ ಆ ಪ್ರಶ್ನೆ ಪ್ರಶ್ನೆಯಾಗದು, ತೀರ್ಪಾಗಿಬಿಡುತ್ತದೆ.

ಆಪತ್ತಿನಲ್ಲಿ ಕಠಿಣ ನಿರ್ಧಾರ ಅನಿವಾರ್ಯವಾಗಬಹುದು. ಅದಕ್ಕೆ ಬೆಲೆ ತೆತ್ತವನ ಮುಖ ನೋಡಿ ಹೇಳಲಾಗದ ಸಮರ್ಥನೆ ಮಾತ್ರ ನ್ಯಾಯವಾಗದು.