ಟೆಂಟಿನ ಹೊರಗೆ ಕುಳಿತವರು

ನಮ್ಮ ಸಣ್ಣ ಊರುಗಳ ಚರಿತ್ರೆ ಬರೆಯುವವರು ಕೋಟೆ, ಕೆರೆ, ದೇವಸ್ಥಾನ, ದರ್ಗಾಗಳನ್ನು ಬಿಡುವುದಿಲ್ಲ. ಟೆಂಟ್ ಸಿನಿಮಾವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಬರೆದವರೂ ಅದನ್ನು ಸಿಹಿ ನೆನಪಾಗಿಯೇ ಬರೆಯುತ್ತಾರೆ. ಮರೆತುಬಿಡುವುದು ಮತ್ತು ಸಿಹಿಯನ್ನಷ್ಟೇ ನೆನೆಯುವುದು, ಇವೆರಡರಲ್ಲಿ ಯಾವುದು ಹೆಚ್ಚು ಅನ್ಯಾಯ?

ಹಳೆ ಮೈಸೂರು ಸೀಮೆಯ ಟೆಂಟುಗಳು ಹೇಗಿದ್ದವೆಂಬುದು ಹಿರಿಯರಿಗೆ ಗೊತ್ತು. ಊರಂಚಿನ ಬಯಲಲ್ಲಿ ಡೇರೆ. ಹಗಲ ಬೆಳಕು ಒಳಗೆ ನುಗ್ಗುವುದರಿಂದ ಕತ್ತಲಾದ ಮೇಲೆಯೇ ಆಟ. ಘಂಟಸಾಲರ ‘ನಮೋ ವೆಂಕಟೇಶ’ ಲೌಡ್‌ಸ್ಪೀಕರಿನಲ್ಲಿ ಕೇಳಿತೆಂದರೆ ಆಟಕ್ಕೆ ಹೊತ್ತಾಯಿತೆಂದು ಊರಿಗೆಲ್ಲ ತಿಳಿಯುತ್ತಿತ್ತು. ನಮ್ಮ ಮೊಹಲ್ಲಾಗಳ ಹುಡುಗರಿಗೂ ಅದೇ ಗಡಿಯಾರ. ಪ್ರೊಜೆಕ್ಟರ್ ಒಂದೇ ಆದ್ದರಿಂದ ರೀಲು ಬದಲಿಸುವಾಗಲೆಲ್ಲ ಇಂಟರ್‌ವೆಲ್, ಅಷ್ಟೂ ಸಲ ಕಡಲೆಕಾಯಿ ವ್ಯಾಪಾರ.

1980ರ ದಶಕದಲ್ಲಿ ಟಿ.ವಿ., ವಿಡಿಯೋ ಬಂದವು. ಊರು ಬೆಳೆದು ಬಯಲು ಸೈಟುಗಳಾಯಿತು. ಬೆಂಗಳೂರಿನ ಮೆಜೆಸ್ಟಿಕ್‌ಗೆ ಥಿಯೇಟರ್ ಹೋದರೂ ಹೆಸರಾದರೂ ಉಳಿಯಿತು. ಕಂಬ ಕಿತ್ತುಕೊಂಡು ಹೋದ ಟೆಂಟಿಗೆ ಅದೂ ಇಲ್ಲ.

ಜಾಡು ಹುಡುಕಿದರೆ ಸಿಗುವುದು ಹೆಚ್ಚೆಂದರೆ ಲೈಸೆನ್ಸಿನ ಕಾಗದ. 1918ರ ಬ್ರಿಟಿಷರ ಸಿನಿಮಾಟೋಗ್ರಾಫ್ ಕಾಯ್ದೆಯಾಗಲಿ, ನಮ್ಮ ರಾಜ್ಯದ 1964ರ ಸಿನಿಮಾ ನಿಯಂತ್ರಣ ಕಾಯ್ದೆಯಾಗಲಿ ಪ್ರದರ್ಶನಕ್ಕೆ ಲೈಸೆನ್ಸ್ ಕೇಳುತ್ತವೆ, ಜನರ ಸುರಕ್ಷತೆ ನೋಡುತ್ತವೆ. ಒಳಗೆ ಯಾರು ಎಲ್ಲಿ ಕುಳಿತರೆಂಬುದು ಅವುಗಳ ಕೆಲಸವಲ್ಲ. ಅದು ಚರಿತ್ರೆ ಬರೆಯುವವನ ಕೆಲಸ.

‘ಜಾತಿ ಧರ್ಮ ನೋಡದೆ ಎಲ್ಲರೂ ಒಟ್ಟಿಗೆ ಕುಳಿತೆವು’ ಎಂಬ ಮಾತು ನೆನಪಿನ ಬರಹಗಳಲ್ಲೆಲ್ಲ ಬರುತ್ತದೆ. ಅದು ಸುಳ್ಳಲ್ಲ. ತಮಿಳರು ಮೊದಲ ಬಾರಿಗೆ ಒಂದೇ ಸೂರಿನಡಿ ಕುಳಿತದ್ದು ಸಿನಿಮಾ ಮಂದಿರದಲ್ಲಿ, ಅಲ್ಲಿ ಜಾಗ ನಿರ್ಧರಿಸಿದ್ದು ಹುಟ್ಟಲ್ಲ, ಕೊಳ್ಳುವ ಶಕ್ತಿ ಎಂದು ವಿದ್ವಾಂಸ ಕಾರ್ತಿಗೇಸು ಶಿವತಂಬಿ ತಮ್ಮ 1981ರ ಪುಸ್ತಕದಲ್ಲಿ ವಾದಿಸಿದರು. ಬಾವಿಕಟ್ಟೆಯಲ್ಲೂ ಹೋಟೆಲಿನಲ್ಲೂ ಜಾತಿ ಕೇಳುತ್ತಿದ್ದ ಸಮಾಜದಲ್ಲಿ ಟಿಕೆಟ್ ಕಿಂಡಿ ಕಾಸನ್ನಷ್ಟೇ ಕೇಳಿದ್ದು ಸಣ್ಣ ಸಂಗತಿಯಲ್ಲ.

ಆದರೆ ಒಟ್ಟಿಗೆ ಎಂದರೆ ಎಷ್ಟು ಒಟ್ಟಿಗೆ? ಕುರ್ಚಿ ಬೇರೆ, ಬೆಂಚು ಬೇರೆ, ಪರದೆಯ ಮುಂದೆ ಮರಳಿನ ಮೇಲೆ ಗಾಂಧಿ ಕ್ಲಾಸು. ಆ ಹೆಸರನ್ನು ಯಾರು ಇಟ್ಟರೋ, ನಗಬೇಕೋ ಅಳಬೇಕೋ ತಿಳಿಯದು. ಗಂಡಸರಿಗೂ ಹೆಂಗಸರಿಗೂ ನಡುವೆ ಅಡ್ಡಗೋಡೆ. ಜಾತಿಯ ಗೆರೆ ಮಸುಕಾದಲ್ಲಿ ಕಾಸಿನ ಗೆರೆ ಮೂಡಿತ್ತು. ಕಾಸಿನ ಗೆರೆಯನ್ನು ದುಡಿದು ದಾಟಬಹುದು, ಹುಟ್ಟಿನದನ್ನು ದಾಟಲಾಗದು. ಆದ್ದರಿಂದ ಇದು ಮೇಲೆಂದೇ ನಮ್ಮ ಅಭಿಪ್ರಾಯ. ಮೇಲು ಎಂದಮಾತ್ರಕ್ಕೆ ಅದನ್ನು ಸಮಾನತೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಗಾಂಧಿ ಕ್ಲಾಸಿಗೂ ಕಾಸಿಲ್ಲದವರಿದ್ದರು. ಸಿನಿಮಾಕ್ಕೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗದ ಹೆಂಗಸರಿದ್ದರು, ನಮ್ಮಲ್ಲೂ, ನೆರೆಯವರಲ್ಲೂ. ಬಟ್ಟೆಯ ಗೋಡೆ ನೋಟವನ್ನು ತಡೆದೀತು, ದನಿಯನ್ನು ತಡೆಯದು. ಇವರು ಜಗಲಿಯಲ್ಲಿ, ಹಿತ್ತಿಲಲ್ಲಿ ಕುಳಿತು ಇಡೀ ಚಿತ್ರ ಕೇಳಿದರು, ಆಟವಿದ್ದಷ್ಟೂ ದಿನ. ಟಿಕೆಟ್ ಕೊಳ್ಳದ ಇವರು ಯಾವ ಲೆಕ್ಕದಲ್ಲೂ ಇಲ್ಲ. ಊರಿನ ಸಿನಿಮಾ ಚರಿತ್ರೆ ಬರೆಯುವವರು ಮಾಲೀಕರ ಮನೆಗೆ ಹೋಗುವ ಮೊದಲು ಇಂಥ ಅಜ್ಜಿಯರನ್ನು ಕೇಳಲಿ. ಮಾತುಗಳು ಅವರಿಗೆ ಬಾಯಿಪಾಠ ಇದ್ದಾವು. ನಾಯಕನ ಮುಖ ಹೇಗಿತ್ತೆಂದು ಮಾತ್ರ ಕೇಳಬೇಡಿ.