ದಾನಚಿಂತಾಮಣಿಯ ವ್ರತಜೀವನ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಹೆಸರು ಕಿವಿಗೆ ಬಿದ್ದೊಡನೆ ಶ್ರಾವಕರ ಮನಸ್ಸು ಕೊಂಚ ಮುದುಡುವುದು ಸಹಜ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. ೧೨೦೦ರ ಶಾಸನವೊಂದಿದೆ. ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಾದ, ತಲೆಯನ್ನೇ ಪಣವಾಗಿ ಒಡ್ಡಿದ ಪಂಥ, ಜಿನಬಿಂಬದ ಭಂಗ, ಬಿಜ್ಜಳನಿತ್ತ ಜಯಪತ್ರ, ಇವೆಲ್ಲವನ್ನೂ ಅದು ಹೇಳುತ್ತದೆ. ಎಂಟು ಶತಮಾನಗಳ ಹಿಂದಿನ ಆ ಗಾಯವನ್ನು ಕೆದಕುವುದರಿಂದ ಯಾರಿಗೂ ಪುಣ್ಯವಿಲ್ಲ. ಉತ್ತಮಕ್ಷಮೆಯನ್ನು ಪ್ರಥಮಧರ್ಮವೆಂದು ನಂಬಿದವರಿಗೆ ಅದು ಸಲ್ಲದು ಕೂಡ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ರಾಜಸಭೆಯ ಜಯಪತ್ರ ಕೈತಪ್ಪಿದ ಮೇಲೆಯೂ ಜಿನಧರ್ಮವು ಕನ್ನಡನಾಡಿನಲ್ಲಿ ಉಳಿದುಬಂದುದು ಯಾರ ಬಲದಿಂದ? ವಾದಿಗಳ ಬಲದಿಂದಲ್ಲ, ಮನೆಮನೆಗಳಲ್ಲಿ ಅಷ್ಟಮಿ-ಚತುರ್ದಶಿಗಳನ್ನು ತಪ್ಪದೆ ನಡೆಸಿದ, ಮಕ್ಕಳ ಬಾಯಲ್ಲಿ ಪಂಚನಮಸ್ಕಾರವನ್ನು ನಿಲ್ಲಿಸಿದ ತಾಯಂದಿರ ಬಲದಿಂದ. ಅಂತಹ ತಾಯಂದಿರಲ್ಲಿ ಅಗ್ರಗಣ್ಯಳಾದವಳ ಶಾಸನವೂ ದೂರದಲ್ಲೇನೂ ಇಲ್ಲ. ೧೯೯೭ರವರೆಗೆ ಅಬಲೂರಿನೊಡನೆ ಒಂದೇ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಲಕ್ಕುಂಡಿಯಲ್ಲಿ ಅದು ಇದೆ. ಅದರ ಕಾಲ ಕ್ರಿ.ಶ. ೧೦೦೭, ಅದು ಹೊಗಳುವುದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು.

ವೆಂಗಿಮಂಡಲದ ಪುಂಗನೂರಿನ ನಾಗಮಯ್ಯನ ವಂಶ ಅವಳದು. ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ಚಾಲುಕ್ಯ ಚಕ್ರವರ್ತಿ ತೈಲಪನ ಆಸ್ಥಾನದಲ್ಲಿ ಹಿರಿಯ ಅಧಿಕಾರಿಯಾಗಿದ್ದ ದಲ್ಲಪನ ಮಗ ನಾಗದೇವನನ್ನು ಅತ್ತಿಮಬ್ಬೆಯೂ ಅವಳ ತಂಗಿ ಗುಂಡಮಬ್ಬೆಯೂ ವರಿಸಿದರು. ಮನೆತನದಲ್ಲಿ ಅಧಿಕಾರವಿತ್ತು, ಐಶ್ವರ್ಯವಿತ್ತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನೂ ಹುಟ್ಟಿದ್ದನು. ಅಷ್ಟರಲ್ಲಿ ನಾಗದೇವನು ಅಕಾಲದಲ್ಲಿ ಮಡಿದನು. ತಂಗಿ ಪತಿಯೊಡನೆ ಅಗ್ನಿಪ್ರವೇಶ ಮಾಡಿದಳು. ಅಕ್ಕ ಮಗುವಿಗಾಗಿ ಬದುಕಿ ಉಳಿದಳು.

ಇಲ್ಲಿ ನಿಂತು ಯೋಚಿಸಬೇಕು. ಗುಂಡಮಬ್ಬೆಯ ದುಃಖವನ್ನಾಗಲೀ ಪತಿಪ್ರೇಮವನ್ನಾಗಲೀ ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಬೀಳುವುದನ್ನೂ ಲೋಕಮೂಢತೆಯೆಂದು ಸ್ಪಷ್ಟವಾಗಿ ಎಣಿಸಿದ್ದಾರೆ. ಸಲ್ಲೇಖನವು ಬೇರೆ, ಅದು ಪ್ರತೀಕಾರವಿಲ್ಲದ ಮುಪ್ಪು, ರೋಗ, ಬರಗಾಲಗಳಲ್ಲಿ ಕಷಾಯಗಳನ್ನು ಕ್ಷೀಣಿಸುತ್ತ ಶಾಂತಚಿತ್ತದಿಂದ ಕೈಗೊಳ್ಳುವ ವ್ರತ. ಶೋಕದ ಆವೇಗದಲ್ಲಿ ಶರೀರವನ್ನು ತ್ಯಜಿಸುವುದಕ್ಕೆ ಜಿನಾಗಮದಲ್ಲಿ ವ್ರತವೆಂಬ ಹೆಸರಿಲ್ಲ. ಲೋಕವು ಅಂದು ಯಾವುದನ್ನು ದೊಡ್ಡದೆಂದು ಕೊಂಡಾಡುತ್ತಿತ್ತೋ ಅದನ್ನು ಬಿಟ್ಟು, ಯಾವುದು ಕಠಿನವೋ ಅದನ್ನು ಅತ್ತಿಮಬ್ಬೆ ಆರಿಸಿಕೊಂಡಳು. ಚಿತೆಯ ಉರಿ ಒಂದು ಗಳಿಗೆಯದು. ವಿಧವೆಯ ಮನೆಯಲ್ಲಿ ಕೂಸನ್ನು ಸಾಕುವ ದಿನಗಳಾದರೋ ಒಂದೊಂದಾಗಿ ಬರುವಂಥವು.

ಆ ದಿನಗಳನ್ನು ಅವಳು ವ್ರತೋಪವಾಸಗಳಿಂದ ತುಂಬಿದಳು. ಉಪವಾಸವೆಂದರೆ ಹೊಟ್ಟೆಯನ್ನು ಬರಿದು ಮಾಡುವುದಷ್ಟೇ ಅಲ್ಲ. ವಿಷಯ, ಕಷಾಯ, ಆಹಾರ ಈ ಮೂರನ್ನೂ ಬಿಟ್ಟರೆ ಉಪವಾಸ. ಆಹಾರವೊಂದನ್ನೇ ಬಿಟ್ಟರೆ ಅದು ಲಂಘನ, ವೈದ್ಯನು ವಿಧಿಸುವ ಪಥ್ಯದಂತೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಗೃಹಸ್ಥನ ಶೀಲವ್ರತಗಳನ್ನು ಹೇಳುವಾಗ ಪ್ರೋಷಧೋಪವಾಸವನ್ನೂ ಅತಿಥಿಸಂವಿಭಾಗವನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದು ಗಮನಿಸತಕ್ಕ ವಿಷಯ. ತಾನು ಉಣದಿರುವುದು ಒಂದು ವ್ರತವಾದರೆ, ಪರರಿಗೆ ಉಣಿಸುವುದು ಅದರ ಜೊತೆಗೇ ನಿಲ್ಲುವ ಇನ್ನೊಂದು ವ್ರತ. ಹತ್ತು ದಿನ ಉಪವಾಸ ಮಾಡಿ ಪಾರಣೆಯ ದಿನ ಬಾಗಿಲಿಗೆ ಬಂದವರನ್ನು ಗದರಿಸುವವರು ಇಂದಿಗೂ ಇದ್ದಾರೆ. ಅಂಥವರು ಒಂದು ಕಾಲಿನಲ್ಲಿ ನಡೆಯುವವರು. ಅತ್ತಿಮಬ್ಬೆಗೆ ಎರಡು ಕಾಲುಗಳೂ ಇದ್ದವು. ಅವಳಿಗೆ ಬಂದ ಬಿರುದು ಉಪವಾಸದಿಂದ ಬಂದುದಲ್ಲ, ದಾನದಿಂದ ಬಂದುದು.

ದಾನಗಳು ನಾಲ್ಕು: ಆಹಾರ, ಅಭಯ, ಔಷಧ, ಶಾಸ್ತ್ರ. ಇವುಗಳಲ್ಲಿ ಶಾಸ್ತ್ರದಾನದಲ್ಲಿ ಅವಳಿಗೆ ಸಮನಾದವರು ಕನ್ನಡನಾಡಿನಲ್ಲಿ ದೊರೆಯುವುದಿಲ್ಲ. ಅವಳ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪೊನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ತವರಿನ ಆ ಪುಣ್ಯಕಾರ್ಯ ಓಲೆಯೊಡನೆ ಜೀರ್ಣವಾಗಿ ಹೋಗಬಾರದೆಂದು ಮಗಳು ಅದರ ೧,೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಗರಿಗಳನ್ನು ಕಡಿದು ತರಬೇಕು, ಹದಗೊಳಿಸಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ಕಂಠದಿಂದ ಒಂದೊಂದಕ್ಷರವನ್ನೂ ಕೊರೆದು ಮಸಿ ತುಂಬಬೇಕು, ಕೊರೆದುದನ್ನು ಮೂಲದೊಡನೆ ತಾಳೆ ನೋಡಬೇಕು. ಅಷ್ಟು ಲಿಪಿಕಾರರ ಅನ್ನವಸ್ತ್ರಗಳ ಹೊಣೆಯೂ ಅವಳದೇ. ಚಿನ್ನ ಮತ್ತು ರತ್ನಗಳ ೧,೫೦೦ ಜಿನಬಿಂಬಗಳನ್ನು ಮಾಡಿಸಿದಳೆಂಬ ಕೀರ್ತಿಯೂ ಅವಳಿಗುಂಟು. ಹೊಗಳಿಕೆಯ ಲೆಕ್ಕದಲ್ಲಿ ಕವಿಗಳ ಔದಾರ್ಯವೂ ಸ್ವಲ್ಪ ಸೇರಿರಬಹುದು; ಸೇರಿದ್ದರೂ ಅವಳ ಔದಾರ್ಯಕ್ಕೆ ಕುಂದಿಲ್ಲ. ಲೊಕ್ಕಿಗುಂಡಿ ಎಂದು ಹೆಸರಾಗಿದ್ದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ಕಣ್ಣಮುಂದೆ ನಿಂತಿದೆ.

ಅವಳ ಒಂದು ನಿಯಮವನ್ನು ಶಾಸನವು ವಿಶೇಷವಾಗಿ ನೆನೆಯುತ್ತದೆ. ಶ್ರವಣಬೆಳಗೊಳದ ಕುಕ್ಕುಟೇಶ್ವರ ಜಿನನ, ಎಂದರೆ ಗೊಮ್ಮಟಸ್ವಾಮಿಯ, ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ಅವಳು ಹೊರಟಳು. ಬೆಟ್ಟವೇರುವಾಗ ಅವಳ ದಣಿವಾರಿಸಲು ಅಕಾಲದಲ್ಲಿ ಮಳೆ ಸುರಿಯಿತಂತೆ. ಭಕ್ತರು ಅದನ್ನು ವ್ರತದ ಮಹಿಮೆ ಎಂದರು. ಆ ಬೆಟ್ಟದ ಮೂರ್ತಿಯ ಹಿಂದೆಯೂ ತಾಯಿಯೊಬ್ಬಳ ವ್ರತವೇ ಇದೆ: ಚಾವುಂಡರಾಯನ ತಾಯಿ ಕಾಳಲಾದೇವಿ ಪೌದನಪುರದ ಬಾಹುಬಲಿಯನ್ನು ಕಾಣುವವರೆಗೆ ಹಾಲನ್ನು ತೊರೆದಳೆಂದು ಪರಂಪರೆ ಹೇಳುತ್ತದೆ. ಒಬ್ಬ ತಾಯಿ ಬಿಟ್ಟ ಹಾಲಿನಿಂದ ಮೂಡಿದ ಸ್ವಾಮಿಯನ್ನು ಕಾಣಲು ಇನ್ನೊಬ್ಬ ತಾಯಿ ಅನ್ನ ಬಿಟ್ಟು ನಡೆದಳು.

ಮುದುವೊಳಲಿನ ಬಳೆಗಾರ ಕುಲದ ರನ್ನನಿಗೆ ಆಶ್ರಯವಿತ್ತು ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಇವಳೇ. ಕವಿಚಕ್ರವರ್ತಿ ಎನಿಸಿಕೊಂಡ ಅವನು ಆ ಋಣವನ್ನು ಕಾವ್ಯದಲ್ಲಿ ತೀರಿಸಿದ್ದು ಸಾಲದೆಂದು ಮನೆಯಲ್ಲಿಯೂ ತೀರಿಸಲು ನೋಡಿದನು. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದು ಹೆಸರಿಟ್ಟನು. ಮಗಳನ್ನು ಅತ್ತಿಮಬ್ಬೆ ಎಂದು ಕರೆದನು.