ಸಲಹೆಗಾರನ ಧರ್ಮ

ಕುಂಬಾರನ ಮಡಕೆಯನ್ನು ಕೊಳ್ಳುವವನು ಬೆರಳಿನಿಂದ ತಟ್ಟಿ ನೋಡಬಹುದು. ನೇಕಾರನ ಸೀರೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬಹುದು. ಆದರೆ ಆಲೋಚನೆಯನ್ನು ಮಾರುವವನ ಸರಕನ್ನು ಪರೀಕ್ಷಿಸುವ ಬಗೆ ಯಾವುದು? ಅದನ್ನು ಪರೀಕ್ಷಿಸಬಲ್ಲ ಜ್ಞಾನವು ಕೊಳ್ಳುವವನಲ್ಲಿಯೇ ಇದ್ದಿದ್ದರೆ ಅವನು ಸಲಹೆಗಾರನ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಆದುದರಿಂದ ಈ ವೃತ್ತಿಯಲ್ಲಿ ಕೇಳುವವನ ಅಜ್ಞಾನವು ಹೇಳುವವನ ಕೈಯಲ್ಲಿಟ್ಟ ನಿಕ್ಷೇಪವಾಗಿದೆ. ಅದನ್ನು ಕಾಯುವುದು ಧರ್ಮ, ಕಬಳಿಸುವುದು ಸುಲಭ.

ನಮ್ಮ ಶಾಲೆಯಲ್ಲಿ ಓದಿ ಮುಂದೆ ಇಂಜಿನಿಯರಿಂಗ್ ಪದವಿ ಪಡೆದ ಶಿಷ್ಯನೊಬ್ಬನು ಕಳೆದ ಶ್ರಾವಣದಲ್ಲಿ ನನ್ನನ್ನು ಕಾಣಲು ಬಂದನು. ಹತ್ತು ವರ್ಷಗಳ ನೌಕರಿಯನ್ನು ಬಿಟ್ಟು ಸ್ವತಂತ್ರ ಸಲಹೆಗಾರನಾಗಿ ಹಲಗೆ ಹಾಕಿ ಆಗಿನ್ನೂ ಎಂಟು ತಿಂಗಳು. ಗೃಹಸ್ಥರೊಬ್ಬರು ತಮ್ಮ ಎರಡಂತಸ್ತಿನ ಮನೆಯ ಮೇಲೆ ಮತ್ತೆರಡು ಅಂತಸ್ತುಗಳನ್ನು ಏರಿಸಿ ಬಾಡಿಗೆಗೆ ಕೊಡುವವರಿದ್ದರು. ಅದಕ್ಕೆ ಇವನ ರುಜು ಬೇಕಾಗಿತ್ತು. ತಳಪಾಯವು ಆ ಭಾರವನ್ನು ತಡೆಯಲಾರದೆಂದು ಇವನ ಲೆಕ್ಕವು ಹೇಳುತ್ತಿತ್ತು.

“ಗುರುಗಳೇ, ನಾನು ರುಜು ಹಾಕದಿದ್ದರೆ ಇನ್ನೊಬ್ಬನು ಹಾಕುತ್ತಾನೆ. ಆ ಮನೆ ಏಳುವುದು ತಪ್ಪದು. ನನ್ನ ಮನೆಯ ಬಾಡಿಗೆ ಮಾತ್ರ ನಿಂತುಹೋಗುತ್ತದೆ. ನಾನೇನು ಮಾಡಲಿ?” ಎಂದು ಕೇಳಿದನು.

ಹೆಂಡತಿ ಮಕ್ಕಳುಳ್ಳವನ ಮಾತು ಇದು, ಹಗುರವಾಗಿ ತಳ್ಳತಕ್ಕದ್ದಲ್ಲ. ಆದರೆ ಇದರಲ್ಲೊಂದು ದೋಷವಿದೆ. ಹಣ ಕೊಡುವವರು ಒಬ್ಬರು. ಆ ಛಾವಣಿಯ ಕೆಳಗೆ ಮಲಗುವವರು ಮತ್ತೊಬ್ಬರು. ಬಾಡಿಗೆಗೆ ಬರುವ ಸಂಸಾರವು ಇವನನ್ನು ಕಂಡಿಲ್ಲ, ಇವನಿಗೆ ಕಾಸು ಕೊಟ್ಟಿಲ್ಲ. ಆದರೂ ಇವನ ರುಜುವನ್ನು ನಂಬಿಯೇ ಮಲಗುತ್ತದೆ. ಕಂಡವರ ಋಣಕ್ಕಿಂತ ಕಾಣದವರ ಋಣವು ದೊಡ್ಡದು. ಇನ್ನೊಬ್ಬನು ಮಾಡುವ ತಪ್ಪು ಅವನ ಲೆಕ್ಕಕ್ಕೆ ಸೇರುತ್ತದೆ; ಅದು ನಮ್ಮ ತಪ್ಪಿಗೆ ಅಪ್ಪಣೆಯಾಗಲಾರದು.

ಹಾಗಾದರೆ ‘ಆಗದು’ ಎಂದು ಹೇಳಿ ಎದ್ದುಬಿಟ್ಟರೆ ಸಾಕೆ? ಸಾಲದು. ತಳಪಾಯವನ್ನೂ ಕಂಬಗಳನ್ನೂ ಬಲಪಡಿಸಿದರೆ ಎಷ್ಟು ಏರಿಸಬಹುದು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಬರೆದುಕೊಡುವವನೇ ಸಲಹೆಗಾರನು. ನಿಷೇಧವನ್ನಷ್ಟೇ ಹೇಳುವವನು ಅರ್ಧ ಕೆಲಸ ಮಾಡಿದಂತಾಯಿತು.

ಈ ವೃತ್ತಿಯನ್ನು ಆರಂಭಿಸುವ ಕ್ರಮವನ್ನು ಹಿರಿಯರ ಬಾಳಿನಲ್ಲಿ ನೋಡಬಹುದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿ ಸುಮಾರು 24 ವರ್ಷಗಳ ಕಾಲ ನೀರು, ಕಾಲುವೆ, ಅಣೆಕಟ್ಟುಗಳ ಕೆಲಸದಲ್ಲಿ ಕೈ ಪಳಗಿಸಿಕೊಂಡರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮ ಸರ್ಕಾರವು ಅವರ ಸಲಹೆಯನ್ನು ಬೇಡಿತು. ಅವರು ನಗರದೊಳಗಿನ ದಂಡೆಗಳನ್ನಷ್ಟೇ ನೋಡಿ ತೃಪ್ತರಾಗಲಿಲ್ಲ. ನದಿಯ ಮೇಲ್ಭಾಗದ ಮಳೆಯನ್ನೂ ಕೆರೆಗಳನ್ನೂ ಲೆಕ್ಕ ಹಾಕಿದರು. ಅನೇಕ ಸಣ್ಣ ಕೆರೆಗಳು ಒಡೆದು ಅವುಗಳ ನೀರೂ ಹೊಳೆಗೆ ಕೂಡಿದುದು ವಿದಿತವಾಯಿತು. ನಗರದ ಮೇಲ್ಗಡೆಯಲ್ಲಿ ಪ್ರವಾಹವನ್ನು ತಡೆದಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡು ನಗರಕ್ಕೆ ರಕ್ಷಣೆಯನ್ನೂ ಕುಡಿಯುವ ನೀರನ್ನೂ ಕೊಟ್ಟವು.

ಇಂಗ್ಲೆಂಡಿನ ಜಾನ್ ಸ್ಮೀಟನ್ (1724–1792) ಮೊದಲು ಉಪಕರಣಗಳನ್ನು ಮಾಡುವ ಕುಶಲಿಯಾಗಿದ್ದನು. ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟುವ ಹೊಣೆ ಬಂದಾಗ, ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣ ಯಾವುದೆಂಬುದನ್ನು ಊಹೆಗೆ ಬಿಡದೆ ತಾನೇ ಪ್ರಯೋಗಗಳನ್ನು ಮಾಡಿ ತಿಳಿದುಕೊಂಡನು. 1759ರಲ್ಲಿ ದೀಪ ಉರಿಯಿತು. ಅನಂತರ ಸೇತುವೆ, ಬಂದರು, ಕಾಲುವೆಗಳಿಗಾಗಿ ಜನರು ಅವನ ಸಲಹೆಯನ್ನು ಅರಸಿ ಬಂದರು. ಮೊದಲು ಕೈಕೆಲಸ, ಅನಂತರ ಬಾಯಿಮಾತು ಎಂಬುದೇ ಇಬ್ಬರ ಬಾಳೂ ತೋರುವ ದಾರಿ. ಕಂಪ್ಯೂಟರ್ ವಿದ್ಯೆಯಲ್ಲಿ ಸಲಹೆ ಹೇಳುವ ಇಂದಿನ ತರುಣರಿಗೂ ಇದೇ ಕ್ರಮವು ಸಲ್ಲುತ್ತದೆ.

ಇನ್ನು ಸಂಭಾವನೆಯ ವಿಚಾರ. ವಿದ್ಯೆಯನ್ನು ಮಾರಬಹುದೆ ಎಂದು ಕೆಲವರು ಕೇಳುವುದುಂಟು. ದುಡಿದುದಕ್ಕೆ ಪಡೆಯುವುದು ಕಾಯಕದ ಫಲ, ಅದರಲ್ಲಿ ದೋಷವಿಲ್ಲ. ಆದರೆ ದರವು ತನ್ನ ಶ್ರಮವನ್ನು ಅನುಸರಿಸಬೇಕು, ಕೇಳುವವನ ಭಯವನ್ನಲ್ಲ. ಕೆಲಸದ ಮೇರೆಯನ್ನೂ ಹಣವನ್ನೂ ಮೊದಲೇ ಬರೆದಿಡತಕ್ಕದ್ದು. ಸಿಮೆಂಟಿನವನಿಂದಲೋ ಯಂತ್ರದ ವ್ಯಾಪಾರಿಯಿಂದಲೋ ಗುಟ್ಟಾಗಿ ದಳ್ಳಾಳಿ ಪಡೆದು ಅವರ ಸರಕನ್ನು ಹೊಗಳುವವನು ಎರಡು ಮನೆಯ ಅನ್ನವನ್ನುಂಡು ಒಂದು ಮನೆಗೆ ದ್ರೋಹ ಬಗೆಯುತ್ತಾನೆ. ತಿಳಿಯದುದನ್ನು ತಿಳಿಯದೆಂದು ಹೇಳಿ ತಿಳಿದವರ ಬಳಿಗೆ ಕಳುಹಿಸುವುದರಿಂದ ಮಾನ ಕುಂದುವುದಿಲ್ಲ. ಅಂಥವನ ಮುಂದಿನ ಮಾತಿಗೆ ಬೆಲೆ ಬರುತ್ತದೆ. ಕೆಲಸವನ್ನು ಎಳೆದು ಕೇಳಿದವನನ್ನು ಸದಾ ಪರಾಧೀನನನ್ನಾಗಿ ಇಡದೆ, ಅವನಿಗೇ ನಾಲ್ಕು ವಿಷಯಗಳನ್ನು ಕಲಿಸಿ ಬಿಟ್ಟುಬರಬೇಕು. ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಬೆಂಗಳೂರಿನಲ್ಲಿ ತರುಣರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಮಾಡಿದರು. ಬಲ್ಲವನ ಗಳಿಕೆಗೆ ಇದಕ್ಕಿಂತ ಸದ್ಗತಿ ಯಾವುದು?

ಶಿಷ್ಯನು ರುಜು ಹಾಕಲಿಲ್ಲ. ಬಲಪಡಿಸುವ ಬಗೆಯನ್ನು ಬರೆದುಕೊಟ್ಟನು. ಆ ಗೃಹಸ್ಥರು ಕೋಪಿಸಿಕೊಂಡು ನಕ್ಷೆಗಳನ್ನು ಹಿಂದಕ್ಕೆ ಪಡೆದರು. ದೀಪಾವಳಿಗೆ ಬಂದಾಗ ಎರಡು ತಿಂಗಳ ಬಾಡಿಗೆಯನ್ನು ಸಾಲ ಮಾಡಿ ಕಟ್ಟಿದುದಾಗಿ ಹೇಳಿದನು. ನಿಜ ನುಡಿದವನಿಗೆ ಒಡನೆಯೇ ಲಾಭವಾಗುತ್ತದೆಂದು ನಾನು ಅವನಿಗೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನ್ನ ಸಲಹೆಯೂ ಕಳ್ಳ ಸಲಹೆಯಾಗುತ್ತಿತ್ತು. ಅವನು ತಾನೇ ಒಂದು ಮಾತನ್ನು ಹೇಳಿದನು: “ಗುರುಗಳೇ, ಆ ಬೀದಿಯಲ್ಲಿ ಹಾದುಹೋಗಲು ನನಗೆ ಅಂಜಿಕೆಯಿಲ್ಲ.”

ಹೊಣೆಯು ಹೇಳುವವನೊಬ್ಬನದೇ ಅಲ್ಲ. ಮನೆ ಕಟ್ಟುವ, ಬಾವಿ ತೋಡಿಸುವ, ಯಂತ್ರ ಕೊಳ್ಳುವ ನಾವೂ ಉತ್ತರವನ್ನು ಮಡಿಲಲ್ಲಿ ಕಟ್ಟಿಕೊಂಡೇ ಸಲಹೆ ಕೇಳಲು ಹೋಗುತ್ತೇವೆ. ಹೌದೆನ್ನುವವನಿಗೆ ಹಣ ಕೊಡುತ್ತೇವೆ, ಅಲ್ಲವೆನ್ನುವವನಿಗೆ ಬೆನ್ನು ತೋರಿಸುತ್ತೇವೆ. ಅಪ್ರಿಯವನ್ನು ನುಡಿದವನಿಗೂ ಅವನ ಸಂಭಾವನೆಯನ್ನು ಸಂತೋಷದಿಂದ ಸಲ್ಲಿಸುವ ಗೃಹಸ್ಥರು ಇರುವ ಊರಿನಲ್ಲಿ ಮಾತ್ರ ಪ್ರಾಮಾಣಿಕ ಸಲಹೆಗಾರನು ಬಾಳಬಲ್ಲನು.